ಆಪ್ತಸಮಾಲೋಚಕರ ಉದ್ಯೋಗ

"ಕೇಳಿಸಿಕೊಳ್ಳುವುದಕ್ಕೂ ಸಂಬಳ ಕೊಡುತ್ತಾರೆಯೇ, ಸರ್?" ಎಂದು ನಮ್ಮ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಪಾಠ ಮುಗಿದ ಮೇಲೆ ನಮ್ಮನ್ನು ಕೇಳಿದಳು. ಆಕೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನವಳು, ಯಮಕನಮರಡಿಯ ಕಡೆಯವಳು. ಬಿ.ಎ. ತರಗತಿಯಲ್ಲಿ ಮನಶ್ಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಂಡು, ಮುಂದೆ ಅದರಲ್ಲಿಯೇ ಎಂ.ಎ. ಮಾಡಿ, ಆಪ್ತಸಮಾಲೋಚಕಳಾಗಿ ಸ್ವಂತ ಊರಿನಲ್ಲಿಯೇ ಕೆಲಸಮಾಡಬೇಕೆಂಬ ಹಂಬಲವನ್ನು ಇಟ್ಟುಕೊಂಡಿದ್ದಳು. ಆಮೇಲೆ ವಿಚಾರಿಸಲಾಗಿ ಪ್ರಶ್ನೆ ಆಕೆಯದಲ್ಲವೆಂದೂ ಆಕೆಯ ತಂದೆಯದೆಂದೂ ತಿಳಿಯಿತು. ಆ ಗೃಹಸ್ಥರು ಕಬ್ಬು ಬೆಳೆಯುವವರು. ಮಗಳು ಡಾಕ್ಟರಳಾಗುವುದಾದರೆ ಅವರಿಗೆ ಅರ್ಥವಾಗುತ್ತಿತ್ತು. ಮಾಸ್ತರಿಕೆ ಹಿಡಿಯುವುದಾದರೂ ಅರ್ಥವಾಗುತ್ತಿತ್ತು. ಔಷಧ ಕೊಡದೆ, ಪಾಠ ಹೇಳದೆ, ಎದುರಿಗೆ ಕುಳಿತವರ ಸಂಕಟವನ್ನು ಕೇಳಿಸಿಕೊಂಡು ಕಳುಹಿಸುವುದು ಒಂದು ಉದ್ಯೋಗವೇ ಎಂಬುದು ಅವರ ಸಂದೇಹ. ನಾವು ಆ ದಿನ ಎರಡು ವಾಕ್ಯಗಳಲ್ಲಿ ಏನೋ ಉತ್ತರ ಕೊಟ್ಟೆವು. ಅದು ನಮಗೇ ಸಮರ್ಪಕವಾಗಿ ತೋರಲಿಲ್ಲ. ಆದಕಾರಣ ಆ ಪ್ರಶ್ನೆಯನ್ನೇ ಇಂದಿನ ಭಾಷಣದ ವಿಷಯವನ್ನಾಗಿ ಇಟ್ಟುಕೊಂಡಿದ್ದೇವೆ.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳುವುದು ಲೇಸು. ಮನಸ್ಸಿಗೆ ಸಂಬಂಧಪಟ್ಟಂತೆ ಮೂರು ಬಗೆಯ ಕೆಲಸಗಾರರುಂಟು. ಮೂವರನ್ನೂ ಜನರು "ತಲೆಯ ಡಾಕ್ಟರು" ಎಂಬ ಒಂದೇ ಮಾತಿನಿಂದ ಕರೆಯುವರು. ಮನೋವೈದ್ಯರು ವೈದ್ಯಶಾಸ್ತ್ರವನ್ನು ಓದಿದವರು. ಅವರು ಔಷಧವನ್ನು ಬರೆದುಕೊಡಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳುವವರು ಮನಶ್ಶಾಸ್ತ್ರದಲ್ಲಿ ಉನ್ನತ ಪದವಿಯ ಮೇಲೆ ಆಸ್ಪತ್ರೆಯ ಶಿಕ್ಷಣವನ್ನೂ ಪಡೆದು, ರೋಗವನ್ನು ಪರೀಕ್ಷಿಸಿ ಮಾತಿನ ಮೂಲಕ ಚಿಕಿತ್ಸೆಮಾಡುವವರು. ಇಂಥ ಶಿಕ್ಷಣವು ನಮ್ಮ ನಾಡಿನಲ್ಲಿ 1955ರಷ್ಟು ಹಿಂದೆಯೇ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮೊದಲಾಯಿತು. ಅದೇ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಮೂರನೆಯವರು ಆಪ್ತಸಮಾಲೋಚಕರು. ಇವರಲ್ಲಿಗೆ ಬರತಕ್ಕವರು ರೋಗಿಗಳೇ ಆಗಿರಬೇಕೆಂದಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಹುಡುಗ, ಗಂಡನ ಮನೆಗೆ ಹೊಂದಿಕೊಳ್ಳಲಾರದ ಸೊಸೆ, ಸಾಲದ ಚಿಂತೆಯಿಂದ ನಿದ್ರೆಗೆಟ್ಟ ರೈತ, ಹೆಂಡತಿಯನ್ನು ಕಳೆದುಕೊಂಡ ಮುದುಕ, ಇಂಥವರು ಬರುವರು. ಜೀವನವು ಒಂದು ತಿರುವಿನಲ್ಲಿ ತೊಡಕಿಕೊಂಡಾಗ, ತೊಡಕನ್ನು ಅವರೇ ಬಿಡಿಸಿಕೊಳ್ಳುವಂತೆ ಜೊತೆಗೆ ಕುಳಿತಿರುವುದು ಇವರ ಕೆಲಸ.

ಈ ವಿದ್ಯೆಯ ಇತಿಹಾಸ ದೀರ್ಘವಾದುದಲ್ಲ. ಫ್ರಾಂಕ್ ಪಾರ್ಸನ್ಸ್ ಎಂಬಾತನು 1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ತರುಣರಿಗೆ ತಕ್ಕ ಉದ್ಯೋಗವನ್ನು ಆರಿಸಿಕೊಳ್ಳಲು ನೆರವಾಗುವ ಕಚೇರಿಯೊಂದನ್ನು ತೆರೆದನು. ಅಲ್ಲಿಂದ ಇದರ ಮೊದಲೆಂದು ಹೇಳುವುದು ರೂಢಿ. ಬಹುಕಾಲದವರೆಗೆ ಸಮಾಲೋಚಕನೆಂದರೆ ತಿಳಿದವನು, ಬಂದವನು ತಿಳಿಯದವನು ಎಂಬ ಭಾವನೆಯೇ ಇದ್ದಿತು. 1942ರಲ್ಲಿ ಕಾರ್ಲ್ ರಾಜರ್ಸ್ ಎಂಬ ಪ್ರಾಧ್ಯಾಪಕನು ಪ್ರಕಟಿಸಿದ ಗ್ರಂಥವೊಂದು ಈ ಭಾವನೆಯನ್ನು ಬುಡಮೇಲು ಮಾಡಿತು. ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಆತನೂ ಆತನ ಶಿಷ್ಯರೂ ಸಮಾಲೋಚನೆಯ ಮಾತುಕತೆಯನ್ನು ಧ್ವನಿಮುದ್ರಿಕೆಯ ತಟ್ಟೆಗಳ ಮೇಲೆ ಹಿಡಿದು, ಆಮೇಲೆ ಒಂದೊಂದು ಮಾತನ್ನೂ ಬರೆದುಕೊಂಡು ನೋಡಿದರು. ಬುದ್ಧಿ ಹೇಳುವ ಸ್ವಭಾವದ ಸಮಾಲೋಚಕನು ತಾನು ಕೇಳುತ್ತಿದ್ದೇನೆಂದು ಭಾವಿಸಿ, ಬಂದವನಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಮಾತನಾಡುತ್ತಿದ್ದುದು ಆ ತಟ್ಟೆಗಳಿಂದ ಬಯಲಾಯಿತು. ನಮ್ಮಂಥ ಅಧ್ಯಾಪಕರ ಮಾತನ್ನು ಯಾರೂ ಹಾಗೆ ಹಿಡಿದಿಡುವುದಿಲ್ಲವೆಂಬುದು ನಮ್ಮ ಪುಣ್ಯ.

ಭಾರತದಲ್ಲಿ ಮನಶ್ಶಾಸ್ತ್ರಕ್ಕೆ ಸ್ವತಂತ್ರವಾದ ಸ್ಥಾನ ಮೊದಲು ದೊರೆತದ್ದು 1916ರಲ್ಲಿ, ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ. ಮೈಸೂರಿನಲ್ಲಿ 1924ರಲ್ಲಿ, ಬ್ರಜೇಂದ್ರನಾಥ ಶೀಲರು ಉಪಕುಲಪತಿಗಳಾಗಿದ್ದಾಗ, ಮಹಾರಾಜಾ ಕಾಲೇಜಿನಲ್ಲಿ ಈ ಶಾಖೆ ಪ್ರಾರಂಭವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಸ್ಪಿಯರ್ಮನ್ನನ ಬಳಿ ಓದಿ ಬಂದ ಡಾ. ಎಂ. ವಿ. ಗೋಪಾಲಸ್ವಾಮಿಯವರು. 1935ರ ಸೆಪ್ಟೆಂಬರ್ ತಿಂಗಳಿನಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಒಂದು ಪುಟ್ಟ ಪ್ರಸಾರಯಂತ್ರದ ಮೂಲಕ "ಆಕಾಶವಾಣಿ"ಯನ್ನು ಪ್ರಾರಂಭಿಸಿದವರೂ ಇವರೇ. ಮನಸ್ಸಿನ ವಿದ್ಯೆಯನ್ನು ಕಲಿಸುವವರೊಬ್ಬರು ಬಾನುಲಿಯನ್ನು ಕೈಗೆತ್ತಿಕೊಂಡುದು ಸೋಜಿಗವಾಗಿ ತೋರಬಹುದು. ನಮಗೇನೋ ಅದರಲ್ಲಿ ಔಚಿತ್ಯವೇ ಕಾಣುವುದು. ಮನೆಯ ಮೂಲೆಯಲ್ಲಿ ಕುಳಿತು ಯಾರ ಕಣ್ಣಿಗೂ ಬೀಳದೆ ಒಬ್ಬರ ಮಾತನ್ನು ಕೇಳುವ ಅನುಕೂಲವನ್ನು ಜನರಿಗೆ ಮೊದಲು ಕೊಟ್ಟದ್ದು ಬಾನುಲಿ. ಯಾರ ಕಣ್ಣಿಗೂ ಬೀಳದಿರುವ ಈ ವಿಷಯ ನಮಗೆ ಮುಂದೆ ಮತ್ತೆ ಬೇಕಾಗುವುದು.

ನಮ್ಮ ವಿದ್ಯಾರ್ಥಿನಿಯ ಸೀಮೆಗೆ ಹತ್ತಿರದ ಇನ್ನೊಂದು ಕೆಲಸವನ್ನೂ ಇಲ್ಲಿ ನೆನೆಯಬೇಕು. ಆಗ ಬೆಳಗಾವಿ, ಧಾರವಾಡಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಧಾರವಾಡದ ಕಡೆಯ ಮಕ್ಕಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಪರೀಕ್ಷಿಸಿ, ಬಿನೆ ಎಂಬ ಫ್ರೆಂಚ್ ಪಂಡಿತನ ಬುದ್ಧಿಪರೀಕ್ಷೆಯನ್ನು ನಮ್ಮ ಮಕ್ಕಳಿಗೆ ತಕ್ಕಂತೆ ತಿದ್ದಿ ರೂಪಿಸಿದವರು ವಿ. ವಿ. ಕಾಮತರು. ಅವರ ಗ್ರಂಥ 1940ರಲ್ಲಿ ಹೊರಬಂದಿತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಿಂದ ಅದು ಭಾರತದ ಆಸ್ಪತ್ರೆಗಳಲ್ಲಿ ಬಹುಕಾಲ ಬಳಕೆಯಲ್ಲಿ ಉಳಿಯಿತು. ಪ್ಯಾರಿಸ್ಸಿನ ಮಗುವಿಗೆ ಕೇಳಿದ ಪ್ರಶ್ನೆಯನ್ನೇ ಧಾರವಾಡದ ಮಗುವಿಗೆ ಕೇಳಿ, ಉತ್ತರ ಬಾರದಿದ್ದರೆ ಮಗು ಮಂದಬುದ್ಧಿಯದೆಂದು ಬರೆದಿಡುವುದು ಅನ್ಯಾಯವೆಂಬುದನ್ನು ಅವರು ಕಂಡುಕೊಂಡರು. ಬುದ್ಧಿಯ ಅಳತೆಗೆ ಸಲ್ಲುವ ಈ ಎಚ್ಚರಿಕೆ ದುಃಖದ ಅಳತೆಗೂ ಸಲ್ಲಬೇಕಷ್ಟೆ.

ಹಾಗೆ ಸಲ್ಲುತ್ತಿದೆಯೇ? ಬೆಂಗಳೂರಿನಲ್ಲಿ ಅಚ್ಚಾದ ಪ್ರಶ್ನಾವಳಿಯಲ್ಲಿ "ನಿಮಗೆ ಖಿನ್ನತೆಯ ಅನುಭವವಾಗಿದೆಯೇ?" ಎಂದಿರುವುದು. ಯಮಕನಮರಡಿಯ ಒಕ್ಕಲಗಿತ್ತಿ ಖಿನ್ನತೆ ಎಂಬ ಮಾತನ್ನು ಆಡುವವಳಲ್ಲ. ಆಕೆ "ಎದಿ ಢವಢವ ಅಂತೈತ್ರಿ" ಎನ್ನುವಳು. "ಜೀವಕ್ಕ ಸಮಾಧಾನ ಇಲ್ರಿ", "ಕೈಕಾಲಾಗ ಬಲಾ ಇಲ್ರಿ" ಎನ್ನುವಳು. ಮಗನ ವಿಷಯವಾದರೆ "ಅಂವಾ ಭಾಳ ಮನಸಿಗೆ ಹಚ್ಕೊಂಡಾನ್ರಿ" ಎನ್ನುವಳು. ಎದೆಯ ಬಡಿತಕ್ಕೆ ಡಾಕ್ಟರರು ಹೃದಯದ ಚಿತ್ರ ತೆಗೆಯಿಸಿ, ದೋಷವಿಲ್ಲವೆಂದು ಹೇಳಿ, ಶಕ್ತಿಯ ಗುಳಿಗೆಯನ್ನು ಬರೆದು ಕಳುಹಿಸುವರು. ಡಾಕ್ಟರರದು ತಪ್ಪೆಂದು ನಾವು ಹೇಳುವುದಿಲ್ಲ. ಹೊರಗೆ ಅರವತ್ತು ಜನ ಕಾದಿರುವಾಗ ಅವರು ಇನ್ನೇನು ಮಾಡಬೇಕು? ಆದರೆ ಎದೆ ಯಾವಾಗಿನಿಂದ ಬಡಿದುಕೊಳ್ಳಲು ತೊಡಗಿತು, ಆ ತಿಂಗಳಲ್ಲಿ ಮನೆಯಲ್ಲಿ ಏನು ನಡೆದಿತ್ತು ಎಂದು ವಿಚಾರಿಸಲು ಒಬ್ಬರು ಇದ್ದಿದ್ದರೆ, ಗುಳಿಗೆಯ ಖರ್ಚಾದರೂ ಉಳಿಯುತ್ತಿತ್ತೆಂದು ಅನೇಕ ಸಲ ನಮಗೆ ಅನಿಸಿದೆ.

ಒಳಗೆ ನಡೆಯುವುದೇನೆಂಬುದನ್ನು ಈಗ ಹೇಳಬೇಕು. ಒಂದು ಕೊಠಡಿ, ಎರಡು ಕುರ್ಚಿ. ಕುರ್ಚಿಗಳು ನೇರವಾಗಿ ಎದುರುಬದುರಾಗಿರದೆ ತುಸು ಓರೆಯಾಗಿದ್ದರೆ ಒಳ್ಳೆಯದು. ಬಂದವರು ಬೇಕಾದಾಗ ಮುಖವನ್ನು ನೋಡಬಹುದು, ಬೇಡವಾದಾಗ ಕಿಟಕಿಯನ್ನು ನೋಡಬಹುದು. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಮಯ. ಮೊದಲನೆಯ ದಿನವೇ ಸಮಾಲೋಚಕರು ಮೂರು ವಿಷಯಗಳನ್ನು ಸ್ಪಷ್ಟಪಡಿಸತಕ್ಕದ್ದು: ಇಲ್ಲಿ ಆಡಿದ ಮಾತು ಇಲ್ಲಿಯೇ ಉಳಿಯುವುದು, ಯಾವ ಸಂದರ್ಭದಲ್ಲಿ ಉಳಿಯಲಾರದು, ಎಷ್ಟು ಸಲ ಬರಬೇಕಾಗಬಹುದು. ಆಮೇಲೆ ಕೇಳುವುದು. ಬಂದವರು ಹೇಳಿದುದನ್ನು ತಮ್ಮ ಮಾತಿನಲ್ಲಿ ಹಿಂದಿರುಗಿ ಹೇಳಿ, "ಹೀಗೆಯೇ ತಾನೆ?" ಎಂದು ವಿಚಾರಿಸುವುದು. "ಹಾಗಲ್ಲ" ಎಂದು ಅವರು ತಿದ್ದಿದರೆ ಕೆಲಸ ಕೆಟ್ಟಿತೆಂದು ತಿಳಿಯಬಾರದು. ತಿದ್ದುವಾಗಲೇ ಅವರು ತಮ್ಮ ಮನಸ್ಸನ್ನು ಮೊದಲ ಸಲ ಸ್ಪಷ್ಟವಾಗಿ ಕಾಣುವುದುಂಟು. ನಡುವೆ ಮೌನ ಬಂದರೆ ಅದನ್ನು ತುಂಬಲು ಅವಸರಪಡಬಾರದು. ಹೊಸಬರಿಗೆ ಕಲಿಯಲು ಅತ್ಯಂತ ಕಠಿಣವಾದುದು ಈ ಮೌನವೇ. ಶಿಕ್ಷಣದ ಕಾಲದಲ್ಲಿ ಅರ್ಧ ನಿಮಿಷದ ಮೌನವನ್ನು ತಾಳಲಾರದೆ ಬೆವರಿದ ಜಾಣ ವಿದ್ಯಾರ್ಥಿಗಳನ್ನು ನಾವು ನೋಡಿದ್ದೇವೆ.

ಬುದ್ಧಿವಾದವನ್ನು ಹೇಳಬಾರದೇಕೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಇದಕ್ಕೆ ಶಾಸ್ತ್ರದ ಉತ್ತರ ಬೇಕಾದಷ್ಟಿದೆ. ನಾವು ನಮ್ಮ ಒಂದು ತಪ್ಪನ್ನು ಹೇಳುವೆವು.

ಸುಮಾರು ಹದಿನೈದು ವರ್ಷಗಳ ಹಿಂದೆ, ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಎರಡನೆಯ ವರ್ಷದ ಹುಡುಗನೊಬ್ಬನು ನಮ್ಮ ಕೊಠಡಿಗೆ ಬಂದು ಬಾಗಿಲಲ್ಲಿ ನಿಂತನು. "ಓದಿದ್ದು ತಲಿಗೆ ಹತ್ತವಲ್ದರಿ, ಸರ್" ಎಂದನು. ಎರಡನೆಯ ವಾಕ್ಯವನ್ನು ಆಡಲು ನಾವು ಅವನಿಗೆ ಎಡೆಗೊಡಲಿಲ್ಲ. ಕುಳ್ಳಿರಿಸಿಕೊಂಡು ಅರ್ಧ ಗಂಟೆ ಹೇಳಿದೆವು. ನಸುಕಿನಲ್ಲಿ ಏಳುವುದರ ಲಾಭ, ವೇಳಾಪಟ್ಟಿಯನ್ನು ಹಾಕಿಕೊಳ್ಳುವ ಕ್ರಮ, ಬೀದಿಯ ದೀಪದ ಕೆಳಗೆ ಓದಿ ದೊಡ್ಡವರಾದವರ ದೃಷ್ಟಾಂತ, ಯಾವುದನ್ನೂ ಬಿಡಲಿಲ್ಲ. ಅವನು ವಿನಯದಿಂದ "ಆಗಲ್ರಿ, ಸರ್" ಎಂದು ಹೊರಟುಹೋದನು. ಒಂದು ತಿಂಗಳಿನೊಳಗೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿಗೆ ಗೆರೆ ಬಿದ್ದಿತು. ಎರಡು ವರ್ಷಗಳ ತರುವಾಯ ಸಂಕೇಶ್ವರದ ಬಸ್ ನಿಲ್ದಾಣದಲ್ಲಿ ಅವನೇ ನಮ್ಮನ್ನು ಗುರುತಿಸಿ ಕೈಮುಗಿದನು. ಕೊಲ್ಹಾಪುರದ ಎರಕದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದನು. ಚಹ ಕುಡಿಯುವಾಗ ಸಂಗತಿ ಹೊರಬಿತ್ತು. ಆ ವರ್ಷ ಬೇಸಿಗೆಯಲ್ಲಿ ಅವನ ತಮ್ಮ ಬಾವಿಯಲ್ಲಿ ಮುಳುಗಿ ತೀರಿಕೊಂಡಿದ್ದನು. ತಮ್ಮನನ್ನು ನೋಡಿಕೊಳ್ಳೆಂದು ಮನೆಯವರು ಇವನಿಗೆ ಹೇಳಿದ್ದರು. ಇವನು ದಂಡೆಯ ಮೇಲೆ ಮಲಗಿ ಪುಸ್ತಕ ಓದುತ್ತಿದ್ದನು. ಅನಂತರ ಪುಸ್ತಕವನ್ನು ತೆರೆದಾಗಲೆಲ್ಲ ನೀರಿನ ಸಪ್ಪಳ ಕೇಳುತ್ತಿದ್ದಿತಂತೆ. ಮನೆಯಲ್ಲಿ ಯಾರೂ ಅವನನ್ನು ಒಂದು ಮಾತು ಆಡಲಿಲ್ಲ. ಅದೇ ಅವನಿಗೆ ತಾಳಲಾರದುದಾಗಿತ್ತು. "ಅದನ್ನ ನಿಮಗ ಹೇಳಾಕ ಬಂದಿದ್ದೆ, ಸರ್. ನೀವು ಭಾಳ ಛಲೋ ಹೇಳಿದ್ರಿ" ಎಂದನು. ಅದರಲ್ಲಿ ವ್ಯಂಗ್ಯ ಸ್ವಲ್ಪವೂ ಇರಲಿಲ್ಲ. ಚಹದ ಹಣವನ್ನು ಕೊಡಲು ನಾವು ಎಷ್ಟು ಹೇಳಿದರೂ ಬಿಡಲಿಲ್ಲ.

ಬೇಸಾಯ, ಸಾಲ, ಮದುವೆ, ಈ ವಿಷಯಗಳಲ್ಲಿ ಬುದ್ಧಿ ಹೇಳುವವರು ಹಳ್ಳಿಯಲ್ಲಿ ಬೇಕಾದಷ್ಟು ಮಂದಿ ಇರುವರು. ಹೇಳಿಸಿಕೊಳ್ಳದೆ ಹೇಳುವ ಅವಕಾಶವಿಲ್ಲದಿರುವುದೇ ಕೊರತೆ.

ಈಗ ಯಮಕನಮರಡಿಗೆ ಬರೋಣ. ಬೆಳಗಾವಿಯಿಂದ ಉತ್ತರಕ್ಕೆ, ಕೊಲ್ಹಾಪುರದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಮೋಟಾರಿನಲ್ಲಿ ಒಂದು ಗಂಟೆಗೂ ಕಡಿಮೆಯ ದಾರಿ. ಪೂರ್ವಕ್ಕೆ ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯ. ಉತ್ತರಕ್ಕೆ ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ. ಇನ್ನೂ ಪೂರ್ವಕ್ಕೆ ಹೋದರೆ ಗೋಕಾಕದ ಜಲಪಾತ, ಅದರ ಮಗ್ಗುಲಿನ ಹತ್ತಿಯ ಗಿರಣಿ. ಕನ್ನಡವೂ ಮರಾಠಿಯೂ ಒಂದೇ ಸಂತೆಯಲ್ಲಿ ಕೇಳಿಬರುವ ಗಡಿಸೀಮೆ. ಕಬ್ಬು ಕಾರ್ಖಾನೆಗೆ ಹೋದ ಮೇಲೆ ಹಣ ಕೈಗೆ ಬರುವವರೆಗಿನ ತಿಂಗಳುಗಳು ಇಲ್ಲಿನ ಮನೆಗಳಲ್ಲಿ ಯಾವ ಬಗೆಯ ತಿಂಗಳುಗಳೆಂಬುದನ್ನು ಆ ಸೀಮೆಯವರಿಗೆ ಹೇಳಬೇಕಾಗಿಲ್ಲ.

ಇಂಥ ಊರಿನ ಪೇಟೆಯಲ್ಲಿ ನಮ್ಮ ವಿದ್ಯಾರ್ಥಿನಿ "ಆಪ್ತಸಮಾಲೋಚನಾ ಕೇಂದ್ರ" ಎಂಬ ಹಲಗೆಯನ್ನು ತೂಗುಹಾಕಿದಳೆಂದು ಭಾವಿಸೋಣ. ಒಬ್ಬ ಹುಡುಗಿ ಒಳಗೆ ಬಂದಳು. ಅವಳ ಚಪ್ಪಲಿ ಹೊರಗೆ ಬಾಗಿಲ ಬಳಿ ಉಳಿಯಿತು. ದಾರಿಯಲ್ಲಿ ಹೋಗುವ ಯಾರೋ ಒಬ್ಬರು ಆ ಚಪ್ಪಲಿಯ ಗುರುತು ಹಿಡಿಯುವರು. ಸಂಜೆಯೊಳಗೆ ಓಣಿಗೆ, ಸಂತೆಯ ದಿನದೊಳಗೆ ಪಕ್ಕದ ಊರಿಗೆ ಸುದ್ದಿ ಮುಟ್ಟುವುದು: "ಅವರ ಹುಡುಗಿಗೆ ತಲಿ ಸರಿ ಇಲ್ಲಂತ." ಮುಂದಿನ ವರ್ಷ ಮದುವೆಯ ಮಾತು ನಡೆಯುವಾಗ ಆ ಚಪ್ಪಲಿ ಮತ್ತೆ ಎದುರಿಗೆ ಬರುವುದು. ಮುಕ್ಕಾಲು ಗಂಟೆಯ ಸಮಾಧಾನಕ್ಕೆ ಇಷ್ಟು ಬೆಲೆಯನ್ನು ಯಾವ ತಂದೆ ತೆರುವನು? ದೊಡ್ಡ ನಗರದಲ್ಲಿ ಸಮಾಲೋಚಕನು ಗುಟ್ಟನ್ನು ಕಾಪಾಡಬೇಕಾದರೆ ಬಾಯಿಯನ್ನು ಬಿಗಿಹಿಡಿದರೆ ಸಾಕು. ಇಲ್ಲಿ ಬಾಯಿಯನ್ನು ಬಿಗಿಹಿಡಿಯುವುದಕ್ಕಿಂತ ಮೊದಲು ಬಾಗಿಲನ್ನು ಕಾಪಾಡಬೇಕು. ನಮ್ಮ ಪಠ್ಯಪುಸ್ತಕಗಳು ಪರದೇಶದ ನಗರಗಳಲ್ಲಿ ಬರೆದವಾದುದರಿಂದ ಬಾಗಿಲಿನ ಪ್ರಸ್ತಾಪ ಅವುಗಳಲ್ಲಿಲ್ಲ.

ಎರಡನೆಯ ತೊಡಕು ಕರೆಯುವ ಮಾತಿನಲ್ಲಿದೆ. ಬಂದ ಹೆಣ್ಣುಮಗಳು ಸಮಾಲೋಚಕಳನ್ನು "ಅಕ್ಕಾರ" ಎನ್ನುವಳು. ಅದು ಗೌರವದ ಮಾತು, ಬೇಡವೆನ್ನುವುದು ಒರಟುತನವಾದೀತು. ಆದರೆ ಅಕ್ಕ ಎಂದಾಕ್ಷಣ ಸಂಬಂಧ ಹುಟ್ಟಿತು. ಸಂಬಂಧ ಹುಟ್ಟಿದ ಮೇಲೆ ಹಕ್ಕೂ ಹುಟ್ಟಿತು. "ಅಕ್ಕಾರ, ನಾ ಏನ ಮಾಡ್ಲಿ, ನೀವ ಹೇಳ್ರಿ" ಎಂದು ಆಕೆ ಕೇಳುವಳು. ತೌರಿನ ಅಕ್ಕನಾದರೆ ಗಂಡನ ಮನೆಯನ್ನು ಬಿಟ್ಟುಬಾ ಎಂದೋ ತಾಳಿಕೊಂಡಿರು ಎಂದೋ ಹೇಳಿಯಾಳು, ತಾಯಿಯ ಕಿವಿಗೂ ಹಾಕಿಯಾಳು. ಕೊಠಡಿಯ ಅಕ್ಕ ಇವೆರಡನ್ನೂ ಮಾಡುವಂತಿಲ್ಲ. ಅಕ್ಕನ ಆದರವನ್ನು ಇಟ್ಟುಕೊಂಡು ಅಕ್ಕನ ಅಧಿಕಾರವನ್ನು ಬಿಟ್ಟುಕೊಡುವುದು ಹೇಗೆಂಬುದನ್ನು ಆಕೆ ಪ್ರತಿದಿನವೂ ಹೊಸದಾಗಿ ಕಲಿಯಬೇಕು. ಸಮಾಲೋಚಕರು ಸ್ವಂತ ಬಂಧುಗಳ ಹಾಗೂ ಸ್ನೇಹಿತರ ವಿಷಯವನ್ನು ಕೈಗೆತ್ತಿಕೊಳ್ಳಬಾರದೆಂಬ ನಿಯಮವುಂಟು. ಅರ್ಧ ಊರು ಒಂದಲ್ಲ ಒಂದು ಬಗೆಯಿಂದ ಬೀಗತನದಲ್ಲಿ ಸೇರಿರುವಲ್ಲಿ ಈ ನಿಯಮವನ್ನು ಅಕ್ಷರಶಃ ನಡೆಸಿದರೆ ಕೊಠಡಿಯನ್ನು ಮುಚ್ಚಬೇಕಾದೀತು. ಹತ್ತಿರದವರನ್ನು ಬೇರೊಬ್ಬರ ಬಳಿಗೆ ಕಳುಹಿಸುವುದು, ದೂರದವರಿಗೆ ಮೊದಲೇ ಸಂಬಂಧವನ್ನು ತಿಳಿಸಿ ಒಪ್ಪಿಗೆ ಪಡೆಯುವುದು, ಇಷ್ಟು ಮಾತ್ರ ಸಾಧ್ಯ.

ಆ ಊರಿನ ಜನ ಇಷ್ಟರವರೆಗೆ ಸಂಕಟವನ್ನು ಎಲ್ಲಿಯೂ ಹೇಳಿಕೊಳ್ಳುತ್ತಿರಲಿಲ್ಲವೆಂದು ಭಾವಿಸುವುದು ತಪ್ಪು. ಮಠದ ಸ್ವಾಮಿಗಳಿದ್ದಾರೆ, ದೇವಿ ಮೈಮೇಲೆ ಬರುವವರಿದ್ದಾರೆ, ದರ್ಗಾದ ಬಾಗಿಲಿದೆ, ತಾಯಿತ ಕಟ್ಟುವವರಿದ್ದಾರೆ. ಇಂಗ್ಲಿಷ್ ಓದಿದ ನಮ್ಮವರು ಇವೆಲ್ಲವನ್ನೂ ಒಂದೇ ಮಾತಿನಲ್ಲಿ ಮೌಢ್ಯವೆಂದು ತಳ್ಳಿಹಾಕುವುದುಂಟು. ನಾವೂ ತರುಣರಾಗಿದ್ದಾಗ ತಳ್ಳಿಹಾಕಿದ್ದೆವು. ಉಡುಪಿ ಜಿಲ್ಲೆಯ ಕರಾವಳಿಯಲ್ಲಿ ಕೋಟ ಎಂಬ ಊರುಂಟು. ಅಲ್ಲಿನ ಜನರ ಮನಸ್ಸಿನ ತೊಂದರೆಗಳನ್ನು ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ಮನೆಮನೆಗೆ ಹೋಗಿ ಅಭ್ಯಾಸಮಾಡಿ, 1976ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಜನರು ಮಂತ್ರವಾದಿಯ ಬಳಿಗೂ ಪಾತ್ರಿಯ ಬಳಿಗೂ ಡಾಕ್ಟರರ ಬಳಿಗೂ ಹೋಗುತ್ತಿದ್ದರೆಂದೂ, ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕೆಂಬ ಭಾವನೆ ಅವರಿಗೆ ಇರಲಿಲ್ಲವೆಂದೂ ಅವರು ಕಂಡರು. ಇದರಿಂದ ಸಮಾಲೋಚಕಳಿಗೆ ಒಂದು ಉಪಯುಕ್ತ ಪಾಠವಿದೆ. ಹರಕೆ ಹೊತ್ತು ಬಂದವಳನ್ನು ಹರಕೆ ಬಿಡೆಂದು ಹೇಳುವುದು ಅವಳ ಕೆಲಸವಲ್ಲ. ಹೊಡೆಯುವುದು, ಬರೆ ಹಾಕುವುದು, ಸರಪಳಿ ಬಿಗಿಯುವುದು, ನಡೆಯುತ್ತಿದ್ದ ಔಷಧವನ್ನು ನಿಲ್ಲಿಸುವುದು, ಇವನ್ನು ಮಾತ್ರ ಕಂಡರೆ ಸುಮ್ಮನಿರಬಾರದು.

ಗುಟ್ಟಿಗೂ ಎಲ್ಲೆಯುಂಟೆಂದು ಮೇಲೆ ಸೂಚಿಸಿದೆವು. 2017ರಲ್ಲಿ ಆಗಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆಯ ಕಾಯಿದೆ ಚಿಕಿತ್ಸೆ ಪಡೆಯುವವನ ಸಂಗತಿಯನ್ನು ಗೋಪ್ಯವಾಗಿಡತಕ್ಕದ್ದೆಂದು ವಿಧಿಸಿ, ಪ್ರಾಣಾಪಾಯ ಮೊದಲಾದ ಕೆಲವು ಸಂದರ್ಭಗಳನ್ನು ಹೊರಗಿರಿಸಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ, 2012ರ ಪೋಕ್ಸೊ ಕಾಯಿದೆಯ ಮೇರೆಗೆ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದು ಅಪರಾಧ. ಸಣ್ಣ ಊರಿನಲ್ಲಿ ತಪ್ಪಿತಸ್ಥನು ಮನೆಯವನೇ ಆಗಿದ್ದು, ಮನೆಯವರೆಲ್ಲರೂ ಕೈಮುಗಿದು ಬೇಡಿಕೊಳ್ಳುವಾಗ ಈ ಕರ್ತವ್ಯವನ್ನು ನಡೆಸುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ವಿದ್ಯಾರ್ಥಿನಿಗೆ ನಾವು ಮರೆಮಾಚಲಿಲ್ಲ. ಮೊದಲನೆಯ ದಿನವೇ ಎಲ್ಲೆಯನ್ನು ಹೇಳಿಬಿಡಬೇಕೆನ್ನುವುದು ಇದಕ್ಕಾಗಿಯೇ. ನಂಬಿಸಿ ಆಮೇಲೆ ಹೊರಗೆಡಹಿದರೆ ಮಗು ಮತ್ತೊಮ್ಮೆ ಮೋಸಹೋದಂತಾಗುವುದು.

ಪ್ರಾಣದ ಮೇಲೆ ಆಸೆಯನ್ನು ಬಿಟ್ಟವರ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ. ಆ ಮಾತನ್ನು ನಾವಾಗಿ ಎತ್ತಿದರೆ ಇಲ್ಲದ ವಿಚಾರವನ್ನು ತಲೆಗೆ ತುಂಬಿದಂತಾಗುವುದೆಂದು ಮನೆಯವರು ಹೆದರುವರು. ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲವೆಂಬುದು ಅಭ್ಯಾಸಗಳಿಂದ ತಿಳಿದುಬಂದಿದೆ; ಯಾರಾದರೂ ನೇರವಾಗಿ ಕೇಳಿದಾಗ ಎಷ್ಟೋ ಮಂದಿಯ ಎದೆಯ ಭಾರ ಇಳಿಯುವುದು. ಕೇಳಿದ ಮೇಲೆ ಒಬ್ಬಂಟಿಯಾಗಿ ಬಿಡದಿರುವುದು, ಅಪಾಯದ ವಸ್ತುಗಳನ್ನು ಮನೆಯಿಂದ ದೂರವಿಡುವುದು, ಡಾಕ್ಟರರ ಬಳಿಗೆ ಕರೆದೊಯ್ಯುವುದು, ಈ ಕೆಲಸಗಳು ಅದೇ ದಿನ ಆಗಬೇಕು. ಮೇಲಿನ 2017ರ ಕಾಯಿದೆ, ಆತ್ಮಹತ್ಯೆಗೆ ಯತ್ನಿಸಿದವನು ತೀವ್ರವಾದ ಮನಃಕ್ಲೇಶದಲ್ಲಿದ್ದನೆಂದೇ ಭಾವಿಸಬೇಕು, ಅವನನ್ನು ಶಿಕ್ಷಿಸಕೂಡದು, ಆರೈಕೆ ಮಾಡಬೇಕು ಎಂದು ಗೊತ್ತುಪಡಿಸಿತು. ಹಿಂದೆ ಪೊಲೀಸರ ಭಯದಿಂದ ಆಸ್ಪತ್ರೆಗೆ ಸೇರಿಸಲು ಹಿಂಜರಿಯುತ್ತಿದ್ದ ಮನೆಗಳಿಗೆ ಈ ಸಂಗತಿ ತಿಳಿಯಬೇಕಾದುದು ಅಗತ್ಯ.

ಎಷ್ಟು ಜನರಿಗೆ ಇಂಥ ನೆರವು ಬೇಕಾಗಿದೆ? 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇಕಡ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದ್ದುದು ಕಂಡುಬಂದಿತು. ತೊಂದರೆಯ ಬಗೆಗೆ ತಕ್ಕಂತೆ ನೂರಕ್ಕೆ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ. ಆ ಹನ್ನೆರಡರಲ್ಲಿ ಕರ್ನಾಟಕ ಸೇರಿರಲಿಲ್ಲ. ಆದರೂ ಹುಕ್ಕೇರಿಯ ಮನಸ್ಸು ಬೇರೆ ಧಾತುವಿನಿಂದ ಮಾಡಿದ್ದೆಂದು ನಂಬಲು ಕಾರಣವಿಲ್ಲ.

ಈ ಕೊರತೆಯನ್ನು ತುಂಬಲು ನಮ್ಮ ನಾಡಿನಲ್ಲಿ ನಡೆದ ಪ್ರಯತ್ನ ಚಿಕ್ಕದಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆಯ ಮೂಲ 1845ಕ್ಕೆ ಹೋಗುವುದು. ಈಗ ಅದು ಡಿಮ್ಹಾನ್ಸ್ ಎಂದು ಹೆಸರಾಗಿದೆ. ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರರಿಗೂ ಕಾರ್ಯಕರ್ತರಿಗೂ ಶಿಕ್ಷಣ ಕೊಟ್ಟು, ದೊಡ್ಡ ಆಸ್ಪತ್ರೆಗೆ ಹೋಗದೆಯೇ ಹಳ್ಳಿಯ ಸಮೀಪದಲ್ಲಿ ಮನೋರೋಗಕ್ಕೆ ಚಿಕಿತ್ಸೆ ದೊರೆಯುವಂತೆ ಮಾಡಿ ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಮೊದಲಾಯಿತು. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ "ಸ್ನೇಹ ಕ್ಲಿನಿಕ್"ಗಳನ್ನು ತೆರೆದರು. ಬೆಳಗಾವಿ ಸೀಮೆಯ ಜನ ಸರ್ಕಾರದ ಆಪ್ತಸಮಾಲೋಚಕರನ್ನು ಮೊದಲು ಹೆಚ್ಚಾಗಿ ಕಂಡುದು ಬಹುಶಃ ಎಚ್.ಐ.ವಿ. ಪರೀಕ್ಷೆಯ ಕೇಂದ್ರಗಳಲ್ಲಿ. ರಕ್ತವನ್ನು ತೆಗೆಯುವ ಮೊದಲು ಒಪ್ಪಿಗೆ ಕೇಳುವುದು, ಫಲವನ್ನು ಬೇರೆ ಯಾರಿಗೂ ತಿಳಿಸದೆ ಅವರೊಬ್ಬರಿಗೇ ಕೂರಿಸಿ ಹೇಳುವುದು, ಹೇಳಿದ ಮೇಲೆ ಅವರ ಜೊತೆಗೆ ಇರುವುದು, ಈ ಶಿಸ್ತನ್ನು ಆ ಕೇಂದ್ರಗಳ ಅಲ್ಪ ಸಂಬಳದ ಕಾರ್ಯಕರ್ತರು ನಡೆಸಿಕೊಂಡು ಬಂದರು. ಅವರಿಗೆ ಸಲ್ಲಬೇಕಾದಷ್ಟು ಕೀರ್ತಿ ಸಂದಿಲ್ಲವೆಂದು ನಮ್ಮ ಅಭಿಪ್ರಾಯ.

2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಎಂಬ ದೂರವಾಣಿಯ ನೆರವು ಮೊದಲಾಯಿತು. 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ, ಹಣ ಕೊಡದೆ, ಕನ್ನಡದಲ್ಲಿಯೇ ಮಾತನಾಡಬಹುದು. ಚಪ್ಪಲಿಯನ್ನು ಹೊರಗೆ ಬಿಡಬೇಕಾಗಿಲ್ಲ. ಗೋಪಾಲಸ್ವಾಮಿಯವರ ಬಾನುಲಿಯಲ್ಲಿ ಮಾತು ಒಂದೇ ಕಡೆಯಿಂದ ಬರುತ್ತಿತ್ತು. ಇದರಲ್ಲಿ ಎರಡು ಕಡೆಯಿಂದ ಬರುವುದು. ಈ ಮಾತನ್ನು ನಾವು ಉತ್ಸಾಹದಿಂದ ತರಗತಿಯಲ್ಲಿ ಹೇಳಿದಾಗ ನಮ್ಮ ವಿದ್ಯಾರ್ಥಿನಿ ಎದ್ದುನಿಂತು, "ಮನ್ಯಾಗ ಫೋನ್ ಒಂದ ಇರತೈತ್ರಿ, ಸರ್. ಅದು ಅಣ್ಣನ ಕಿಸೆದಾಗ ಇರತೈತಿ" ಎಂದಳು. ಫೋನು ಸ್ವಂತದ್ದಾದರೂ ಎರಡು ಕೋಣೆಯ ಮನೆಯಲ್ಲಿ ಅತ್ತೆಯ ಕಿವಿಗೆ ಬೀಳದಂತೆ ಮಾತನಾಡುವುದೆಲ್ಲಿ? ಹಿತ್ತಿಲಿಗೆ ಹೋಗಿ ಪಿಸುಗುಟ್ಟಿದರೆ ಬೇರೊಂದು ಸಂಶಯ. ತರಗತಿ ನಕ್ಕಿತು, ನಾವು ಮುಂದಿನ ಪುಟವನ್ನು ತಿರುವಿದೆವು.

ಉದ್ಯೋಗದ ಯೋಗ್ಯತೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಕ್ಲಿನಿಕಲ್ ಸೈಕಾಲಜಿಸ್ಟರಿಗೆ 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯ ಮೇರೆಗೆ ನೋಂದಣಿಯುಂಟು. ಸಮಾಲೋಚಕರಿಗೆ ಬಹುಕಾಲ ಅಂಥದೊಂದು ಇರಲಿಲ್ಲವಾಗಿ, ವಾರಾಂತ್ಯದ ಎರಡು ಉಪನ್ಯಾಸ ಕೇಳಿದವರೂ ಹಲಗೆ ಹಾಕಿಕೊಳ್ಳಬಹುದಾಗಿತ್ತು, ಹಾಕಿಕೊಂಡೂ ಇದ್ದರು. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯಿದೆಯಲ್ಲಿ ಇವರ ವರ್ಗವೂ ಸೇರಿತು. ಎಂ.ಎ. ಅಥವಾ ಎಂ.ಎಸ್ಸಿ., ಅದರ ಮೇಲೆ ಅನುಭವಸ್ಥರ ಮೇಲ್ವಿಚಾರಣೆಯಲ್ಲಿ ನೂರಾರು ಗಂಟೆಗಳ ಅಭ್ಯಾಸ, ಇಷ್ಟಾದರೂ ಇಲ್ಲದೆ ಒಬ್ಬರ ಸಂಕಟಕ್ಕೆ ಕೈಹಾಕಬಾರದು. ಕನ್ನಡದಲ್ಲಿ ಓದಿಕೊಳ್ಳಬಯಸುವವರಿಗೆ "ಕೊರವಂಜಿ"ಯ ಡಾ. ಎಂ. ಶಿವರಾಂ ಅವರ "ಮನಮಂಥನ"ವುಂಟು. ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯ ಓದುಗರಿಗಾಗಿ ಬರೆದ ಪುಸ್ತಕಗಳಂತೂ ಹಳ್ಳಿಯ ವಾಚನಾಲಯಗಳವರೆಗೆ ಹೋಗಿವೆ.

ಇನ್ನು ಸಂಬಳದ ಪ್ರಶ್ನೆ. ಕೊಡುತ್ತಾರೆ; ಹೆಚ್ಚಾಗಿ ಕೊಡುವುದಿಲ್ಲ. ಸರ್ಕಾರಿ ಕಾರ್ಯಕ್ರಮಗಳ ಹುದ್ದೆಗಳು ಬಹುಮಟ್ಟಿಗೆ ಗುತ್ತಿಗೆಯವು. ವರ್ಷವರ್ಷವೂ ಹೊಸ ಕಾಗದ ಬರಬೇಕು. ಇದನ್ನು ಮುಚ್ಚುಮರೆಯಿಲ್ಲದೆ ತಿಳಿಸಿದೆವು. ಆಕೆ ತಂದೆಗೆ ಹೇಗೆ ಹೇಳಿದಳೋ ತಿಳಿಯದು; ಎಂ.ಎ.ಗೆ ಸೇರಿದಳು. ಕಳೆದ ಸಲ ಬಂದಾಗ ಪೇಟೆಯಲ್ಲಿ ಹಲಗೆ ಹಾಕುವ ಯೋಚನೆಯನ್ನು ತಾನು ಬಿಟ್ಟಿರುವುದಾಗಿ ಹೇಳಿದಳು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ, ರಕ್ತದೊತ್ತಡ ಅಳೆಯುವ ಕೋಣೆಯ ಮಗ್ಗುಲಲ್ಲಿ ಒಂದು ಸಣ್ಣ ಕೊಠಡಿ ಸಿಕ್ಕರೆ ತನಗೆ ಸಾಕಂತೆ. ಸದ್ದುಗದ್ದಲದ ಜಾಗವಲ್ಲವೇ ಎಂದು ನಾವು ಆಕ್ಷೇಪಿಸಿದೆವು. "ಗದ್ಲ ಇದ್ರ ಛಲೋ ಆತಲ್ರಿ, ಸರ್, ಒಳಗಿನ ಮಾತು ಹೊರಗ ಕೇಳೂದಿಲ್ಲ" ಎಂದಳು. ಜ್ವರದವರು, ಮಕ್ಕಳಿಗೆ ಲಸಿಕೆ ಹಾಕಿಸಲು ಬಂದವರು, ಸಕ್ಕರೆ ಕಾಯಿಲೆಯ ಮುದುಕರು, ಎಲ್ಲರ ಚಪ್ಪಲಿಗಳೂ ಅಲ್ಲಿ ಒಂದೇ ಮೆಟ್ಟಿಲ ಬಳಿ ರಾಶಿಬಿದ್ದಿರುತ್ತವಂತೆ. ಅವುಗಳಲ್ಲಿ ಯಾವುದು ಯಾರದೆಂದು ಯಾರೂ ನೋಡುವುದಿಲ್ಲವಂತೆ.